ದಯೆಯಲ್ಲ, ನ್ಯಾಯ ಎಂದ ಗವರ್ನರ್



ಮೇ 1ರ ಕಾರ್ಮಿಕ ದಿನದ ಬೇರು ಷಿಕಾಗೊ ನಗರದಲ್ಲಿದೆ ಎಂಬುದು ನಿಮಗೆಲ್ಲ ತಿಳಿದ ಸಂಗತಿ. ಆ ಕಥೆಯೊಳಗೆ ಏಳು ವರ್ಷ ತಡವಾಗಿ ಬಂದ ಒಬ್ಬನ ಬಗ್ಗೆ ಇಂದು ಹೇಳಬೇಕೆಂದಿದ್ದೇನೆ. ಹೆಸರು ಜಾನ್ ಪೀಟರ್ ಆಲ್ಟ್‌ಗೆಲ್ಡ್. 1893ರಿಂದ 1897ರವರೆಗೆ ಇಲಿನಾಯ್ ರಾಜ್ಯದ ಗವರ್ನರ್. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರ ಹಾಗೆ ನೇಮಕವಾಗಿ ಬರುವವರಲ್ಲ, ಜನರೇ ಓಟು ಹಾಕಿ ಆರಿಸುತ್ತಾರೆ. ಕೈದಿಗಳಿಗೆ ಕ್ಷಮೆ ನೀಡುವ ಅಧಿಕಾರವೂ ಆತನದೇ ಆಗಿತ್ತು.

ಆಲ್ಟ್‌ಗೆಲ್ಡ್ ಹುಟ್ಟಿದ್ದು 1847ರಲ್ಲಿ, ಜರ್ಮನಿಯಲ್ಲಿ. ಕೈಗೂಸಾಗಿದ್ದಾಗಲೇ ತಂದೆ-ತಾಯಿ ಆತನನ್ನು ಅಮೆರಿಕದ ಓಹಾಯೋಗೆ ಕರೆತಂದರು. ಹದಿನಾರರಲ್ಲಿ ಸೈನ್ಯ ಸೇರಿ ಅಂತರ್ಯುದ್ಧಕ್ಕೆ ಹೋದ. ಆಮೇಲೆ ಮೇಷ್ಟರಾದ, ವಕೀಲನಾದ, ಷಿಕಾಗೊದಲ್ಲಿ ನ್ಯಾಯಾಧೀಶನಾದ. ಜಮೀನು, ಕಟ್ಟಡಗಳ ವ್ಯವಹಾರದಲ್ಲಿ ಹಣವನ್ನೂ ಮಾಡಿದ.

ಇನ್ನು ಆ ಮೊಕದ್ದಮೆ. ದಿನಕ್ಕೆ ಎಂಟು ಗಂಟೆಯ ದುಡಿಮೆ ಬೇಕೆಂದು 1886ರ ಮೇ 1ರಂದು ಮುಷ್ಕರ ಆರಂಭವಾಯಿತು. ಮೇ 4ರ ರಾತ್ರಿ ಹೇಮಾರ್ಕೆಟ್ ಬಳಿ ಕಾರ್ಮಿಕರ ಸಭೆ ಇನ್ನೇನು ಮುಗಿಯುತ್ತಿತ್ತು. ಪೊಲೀಸರು ಬಂದರು, ಯಾರೋ ಬಾಂಬ್ ಎಸೆದರು. ಏಳು ಮಂದಿ ಪೊಲೀಸರು ಸತ್ತರು. ಎಸೆದವರು ಯಾರು ಎಂಬುದು ಕೊನೆಗೂ ಪತ್ತೆಯಾಗಲಿಲ್ಲ. ಆದರೂ ಎಂಟು ಜನ ಅರಾಜಕತಾವಾದಿಗಳು ಅಪರಾಧಿಗಳೆಂದು ತೀರ್ಪಾಯಿತು. 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು. ಒಬ್ಬ ಅದರ ಹಿಂದಿನ ದಿನವೇ ಜೈಲಿನಲ್ಲಿ ಪ್ರಾಣ ಕಳೆದುಕೊಂಡಿದ್ದ. ಉಳಿದ ಮೂವರು ಸೆರೆಮನೆಯಲ್ಲಿದ್ದರು.

ಈ ಮೂವರನ್ನು ಬಿಡಿ ಎಂದು ಸಾವಿರಾರು ಜನ ಮನವಿ ಮಾಡಿದ್ದರು. ಗಣ್ಯರೂ ಸಹಿ ಹಾಕಿದ್ದರು. ಅವರು ಕೇಳಿದ್ದು ದಯೆ: ಸಾಕಷ್ಟು ಶಿಕ್ಷೆ ಅನುಭವಿಸಿದ್ದಾರೆ, ಇನ್ನು ಬಿಡಿ ಎಂದು. ಹಾಗೆ ಎರಡು ಸಾಲು ಬರೆದು ಬಿಟ್ಟಿದ್ದರೆ ಇಷ್ಟು ದೊಡ್ಡ ಗದ್ದಲ ಆಗುತ್ತಿರಲಿಲ್ಲವೇನೋ. ಆಲ್ಟ್‌ಗೆಲ್ಡ್ ಕಡತಗಳನ್ನು ತರಿಸಿ ಓದಿದ. 1893ರ ಜೂನ್ 26ರಂದು ಮೂವರನ್ನೂ ಬಿಡುಗಡೆ ಮಾಡಿ, ಉದ್ದನೆಯ ಕಾರಣಪತ್ರವನ್ನೂ ಹೊರಡಿಸಿದ. ಚೀಟಿ ಎತ್ತಿ ಆರಿಸಬೇಕಿದ್ದ ಜ್ಯೂರಿಯನ್ನು ಅಧಿಕಾರಿಯೊಬ್ಬ ತನಗೆ ಬೇಕಾದವರನ್ನು ಕರೆದು ತುಂಬಿಸಿದ. ಆರೋಪಿಗಳ ಬಗ್ಗೆ ಪೂರ್ವಗ್ರಹವಿದೆ ಎಂದು ಒಪ್ಪಿಕೊಂಡವರೂ ಜ್ಯೂರಿಗೆ ಅರ್ಹರೆಂದು ನ್ಯಾಯಾಧೀಶ ಗ್ಯಾರಿ ತೀರ್ಮಾನಿಸಿದ. ಬಾಂಬ್ ಎಸೆದವನಿಗೂ ಇವರಿಗೂ ನಂಟಿತ್ತೆಂಬುದಕ್ಕೆ ಸಾಕ್ಷ್ಯವೇ ಇಲ್ಲ. ಅಂದರೆ, ಸತ್ತ ನಾಲ್ವರನ್ನೂ ಅನ್ಯಾಯವಾಗಿ ನೇಣಿಗೆ ಹಾಕಲಾಯಿತು ಎಂದು ಒಬ್ಬ ಗವರ್ನರ್ ಸಹಿ ಹಾಕಿ ಹೇಳಿದಂತಾಯಿತು.

ಮನವಿಗೆ ಸಹಿ ಹಾಕಿದ್ದ ಕೆಲವರಿಗೂ ಇದು ರುಚಿಸಲಿಲ್ಲ. ಗ್ಯಾರಿಯ ಮೇಲಿನ ಹಳೆಯ ಮುನಿಸೇ ಇದಕ್ಕೆ ಕಾರಣ ಎಂದು ವಿರೋಧಿಗಳು ಆಡಿಕೊಂಡರು. ಮುನಿಸು ಇದ್ದಿರಲೂಬಹುದು, ಆದರೆ ಕಾರಣಪತ್ರದ ವಾದಕ್ಕೆ ಅದು ಉತ್ತರವಲ್ಲ. ಪತ್ರಿಕೆಗಳಂತೂ, ನಮ್ಮ ವೃತ್ತಿಯವರು ಎನ್ನಲು ಸಂಕೋಚವಾಗುತ್ತದೆ, ಆತ ಹುಟ್ಟಿದ ದೇಶವನ್ನೇ ಎತ್ತಿ ಹಂಗಿಸಿದವು.

ಮುಂದಿನ ವರ್ಷ ಪುಲ್‌ಮನ್ ರೈಲ್ವೆ ಮುಷ್ಕರ. ರಾಜ್ಯ ಕೇಳದಿದ್ದರೂ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಷಿಕಾಗೊಗೆ ಸೈನ್ಯ ಕಳಿಸಿದರು. ಅಧ್ಯಕ್ಷರೂ ಆಲ್ಟ್‌ಗೆಲ್ಡನ ಡೆಮಾಕ್ರಟಿಕ್ ಪಕ್ಷದವರೇ. ಆದರೂ ಆತ ಬಹಿರಂಗವಾಗಿ ಪ್ರತಿಭಟಿಸಿದ. 1896ರ ಚುನಾವಣೆಯಲ್ಲಿ ಸೋತ. ಆ ವರ್ಷ ಪಕ್ಷವೇ ದೇಶದಲ್ಲಿ ಸೋತಿತ್ತು ಎನ್ನುವುದನ್ನೂ ನೆನಪಿಡಬೇಕು. ಷಿಕಾಗೊದಲ್ಲಿ ತಾನೇ ಕಟ್ಟಿಸಿದ 16 ಅಂತಸ್ತಿನ ಯೂನಿಟಿ ಬಿಲ್ಡಿಂಗ್ ಕೈತಪ್ಪಿತು. ಕಡೆಗಾಲದಲ್ಲಿ ವಕೀಲ ಕ್ಲಾರೆನ್ಸ್ ಡ್ಯಾರೋ ಅವರ ಕಚೇರಿ ಸೇರಿ ಮತ್ತೆ ಕರಿಕೋಟು ತೊಟ್ಟ.

1902ರ ಮಾರ್ಚ್‌ನಲ್ಲಿ ಜೋಲಿಯೆಟ್ ಪಟ್ಟಣದಲ್ಲಿ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ದಕ್ಷಿಣ ಆಫ್ರಿಕದ ಬೋಯರರ ಪರವಾಗಿ ಭಾಷಣ ಮಾಡಿದ ಆಲ್ಟ್‌ಗೆಲ್ಡ್ ಅಲ್ಲಿಯೇ ಕುಸಿದ. ಮರುದಿನ ತೀರಿಕೊಂಡಾಗ ವಯಸ್ಸು 54.