ಎಂಜಿನ್ ಬ್ರೇಕಿನ ಗ್ಯಾಪ್ ನೋಡಿಸಿದ್ದೀರಾ?

1931ರಲ್ಲಿ ಅಮೆರಿಕದ ಕ್ಲೆಸ್ಸಿ ಕಮ್ಮಿನ್ಸ್ ತಮ್ಮ ಡೀಸೆಲ್ ಎಂಜಿನ್ ಕೂರಿಸಿದ ಟ್ರಕ್ಕಿನಲ್ಲಿ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದರು. ಕ್ಯಾಲಿಫೋರ್ನಿಯದ ಕಹೋನ್ ಕಣಿವೆ ಇಳಿಯುವಾಗ ಬ್ರೇಕ್ ಕೈಕೊಟ್ಟಿತು. ಕೆಳಗೆ ಹಳಿಯ ಮೇಲೆ ಗೂಡ್ಸ್ ರೈಲು. ಕೂದಲೆಳೆಯಲ್ಲಿ ಪಾರಾದರು. ಎಳೆಯುವ ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯಬೇಕೆಂಬ ಯೋಚನೆ ಆಮೇಲೆ ಅವರನ್ನು ಬಿಡಲಿಲ್ಲ. 1961ರಲ್ಲಿ ಜೇಕಬ್ಸ್ ಕಂಪನಿ ಅವರ ಬ್ರೇಕನ್ನು ತಯಾರಿಸತೊಡಗಿತು. ಅಲ್ಲಿನ ಡ್ರೈವರುಗಳು ಅದನ್ನು ಇಂದಿಗೂ ಜೇಕ್ ಬ್ರೇಕ್ ಎನ್ನುತ್ತಾರೆ.

ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳಿಟ್ಟು ಹಿಡಿಯನ್ನು ಒತ್ತಿ ಬಿಡಿ, ಅದು ಪುಟಿದು ಮೇಲೆ ಬರುತ್ತದೆ. ಪೂರ್ತಿ ಒತ್ತಿದ ಕ್ಷಣದಲ್ಲೇ ಬೆರಳೆತ್ತಿ, ಗಾಳಿ ಬುಸ್ಸೆಂದು ಹೋಗುತ್ತದೆ, ಹಿಡಿ ಅಲ್ಲೇ ನಿಲ್ಲುತ್ತದೆ. ಎಂಜಿನ್ ಬ್ರೇಕಿನಲ್ಲೂ ಅಷ್ಟೇ. ಬ್ರೇಕ್ ಹಾಕಿದಾಗ ಡೀಸೆಲ್ ನಿಲ್ಲುತ್ತದೆ. ಉರುಳುವ ಚಕ್ರಗಳೇ ಪಿಸ್ಟನ್ನನ್ನು ತಳ್ಳಿ ಗಾಳಿಯನ್ನು ಒತ್ತುತ್ತವೆ. ಪಿಸ್ಟನ್ ಮೇಲೆ ಮುಟ್ಟುವ ಹೊತ್ತಿಗೆ ಎಗ್ಸಾಸ್ಟ್ ವಾಲ್ವ್ ತುಸು ತೆರೆದು ಆ ಗಾಳಿಯನ್ನು ಹೊರಬಿಡುತ್ತದೆ. ಒತ್ತಲು ಹಾಕಿದ ಶಕ್ತಿ ಮರಳಿ ಬರುವುದಿಲ್ಲ, ಗಾಡಿ ನಿಧಾನವಾಗುತ್ತದೆ. ಸೈಲೆನ್ಸರ್ ಕಿತ್ತ ಟ್ರಕ್ಕಾದರೆ ಆ ಸದ್ದಿಗೆ ಊರೆಲ್ಲ ಎಚ್ಚರ! ಅಮೆರಿಕದ ಎಷ್ಟೋ ಊರುಗಳ ಬಾಗಿಲಲ್ಲೇ ಎಂಜಿನ್ ಬ್ರೇಕ್ ನಿಷೇಧದ ಫಲಕಗಳಿವೆ.

ವಾಲ್ವ್ ತೆರೆಯುವ ಆ ಗಳಿಗೆಯನ್ನು ನಿರ್ಧರಿಸುವುದು ವಾಲ್ವನ್ನು ಒತ್ತುವ ಭಾಗಗಳ ನಡುವಿನ ಒಂದು ಗ್ಯಾಪ್. ಕಮ್ಮಿನ್ಸ್ ಕಂಪನಿಯ 15 ಲೀಟರಿನ ಐಎಸ್‌ಎಕ್ಸ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಎಗ್ಸಾಸ್ಟ್ ವಾಲ್ವಿನ ಗ್ಯಾಪ್ 0.69 ಮಿಲಿಮೀಟರ್, ಬ್ರೇಕಿನದು 7. ಬೇರೆ ಎಂಜಿನ್ನಿನ ಲೆಕ್ಕವೇ ಬೇರೆ. ಆದ್ದರಿಂದ ಅಂದಾಜು ಬೇಡ, ಆ ಎಂಜಿನ್ನಿನ ಪುಸ್ತಕವನ್ನೇ ನೋಡಬೇಕು. ಕಬ್ಬಿಣ ಬಿಸಿಗೆ ಹಿಗ್ಗುವುದರಿಂದ ಅಳತೆ ತೆಗೆಯುವುದು ಎಂಜಿನ್ ತಣ್ಣಗಿದ್ದಾಗ. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಕೈಹಾಕುವುದೇ ಒಳ್ಳೆಯದು.

ಕವರ್ ಬಿಚ್ಚಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ಗುರುತಿಗೆ ತರುತ್ತಾರೆ. ಯಾವ ಸಿಲಿಂಡರಿನ ಬ್ರೇಕ್ ಸೆಟ್ ಮಾಡಬೇಕೋ ಅದರ ಎಗ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚಿರಬೇಕು. ಲಾಕ್ ನಟ್ ಸಡಿಲಿಸಿ, ಗ್ಯಾಪ್ ಅಳೆಯುವ ಫೀಲರ್ ಗೇಜ್ ತೂರಿಸಿ, ಸ್ಕ್ರೂ ತಿರುಗಿಸುತ್ತ ಹೋದರೆ ಗೇಜ್ ಎಳೆದಾಗ ಕೈಗೆ ಸಣ್ಣ ಬಿಗಿ ಸಿಗುತ್ತದೆ. ಆಗ ನಟ್ ಬಿಗಿ ಮಾಡಬೇಕು. ಎಡವುವುದು ಇಲ್ಲೇ: ನಟ್ಟಿನ ಜೊತೆ ಸ್ಕ್ರೂ ಕೂಡ ಸರಿದುಬಿಡುತ್ತದೆ. ಬಿಗಿಮಾಡಿದ ಮೇಲೆ ಇನ್ನೊಮ್ಮೆ ಗೇಜ್ ಹಾಕಿ ನೋಡದ ಮೆಕ್ಯಾನಿಕ್ ಅರ್ಧ ಕೆಲಸವನ್ನಷ್ಟೇ ಮಾಡಿದ್ದಾನೆ.

ಗ್ಯಾಪ್ ತೀರ ಕಡಿಮೆಯಾದರೆ ವಾಲ್ವ್ ಹೆಚ್ಚು ಇಳಿದು ಪಿಸ್ಟನ್ನಿಗೆ ಬಡಿಯಬಹುದು, ದೊಡ್ಡ ಖರ್ಚು. ಹೆಚ್ಚಾದರೆ ವಾಲ್ವ್ ತಡವಾಗಿ ತೆರೆಯುತ್ತದೆ, ಬ್ರೇಕ್ ಹಿಡಿತ ಸೊರಗುತ್ತದೆ.

ನಮ್ಮಲ್ಲಿ ಎಷ್ಟೋ ಲಾರಿಗಳಲ್ಲಿರುವುದು ಹೊಗೆಕೊಳವೆಗೆ ಅಡ್ಡಬಾಗಿಲು ಹಾಕುವ ಎಗ್ಸಾಸ್ಟ್ ಬ್ರೇಕ್. ಅದರಲ್ಲಿ ಈ ಗ್ಯಾಪಿನ ಗೊಡವೆಯಿಲ್ಲ. ಆದರೆ ಹೊಸಕೋಟೆಯಲ್ಲಿ ತಯಾರಾಗುವ ವೋಲ್ವೋದಂಥ ಭಾರಿ ಟ್ರಕ್ಕುಗಳಲ್ಲಿ ಗಾಳಿ ಬಿಡುವ ಎಂಜಿನ್ ಬ್ರೇಕೇ ಬರುತ್ತದೆ. ಅಂಥ ಗಾಡಿಯನ್ನು ಟ್ಯಾಪೆಟ್ ಸೆಟ್ಟಿಂಗಿಗೆ, ಅಂದರೆ ವಾಲ್ವಿನ ಗ್ಯಾಪ್ ಸರಿಮಾಡಿಸಲು, ಬಿಟ್ಟಾಗ ಬ್ರೇಕಿನ ಗ್ಯಾಪನ್ನೂ ನೋಡಿಸಿ. ಡ್ರೈವರಣ್ಣಂದಿರೇ, ಡೀಸೆಲ್ ಉಳಿಸಲೆಂದು ಶಿರಾಡಿ ಘಾಟಿಯಲ್ಲಿ ನ್ಯೂಟ್ರಲ್‌ಗೆ ಹಾಕಬೇಡಿ. ಗೇರಿನಲ್ಲಿಲ್ಲದ ಗಾಡಿಗೆ ಎಂಜಿನ್ ಬ್ರೇಕ್ ಇದ್ದೂ ಇಲ್ಲದಂತೆ.