ಚರಂಡಿ ನೀರು ನೀಡುವ ಮುನ್ಸೂಚನೆ



ಹಲವು ರೋಗಗಳಲ್ಲಿ, ರೋಗಿಯು ಆಸ್ಪತ್ರೆಗೆ ಬರುವ ಮುನ್ನವೇ ರೋಗಾಣುಗಳು ಮಲದೊಡನೆ ಚರಂಡಿಯನ್ನು ಸೇರಿರುತ್ತವೆ. ಈ ತತ್ತ್ವವನ್ನು ಆಧರಿಸಿಯೇ 2001ರಲ್ಲಿ ಮುಂಬಯಿಯ ಕೊಳಚೆ ನೀರಿನಲ್ಲಿ ಪೋಲಿಯೊ ವೈರಾಣುವಿನ ಶೋಧ ಆರಂಭವಾಯಿತು. 2022ರಲ್ಲಿ ಬೆಂಗಳೂರಿನ 28 ಕೊಳಚೆ ನೀರು ಶುದ್ಧೀಕರಣ ಘಟಕಗಳ ಮಾದರಿಗಳಿಂದ ಕೊರೊನಾ ವೈರಾಣುವಿನ ಏರಿಳಿತವನ್ನು ವಿಜ್ಞಾನಿಗಳು ಗುರುತಿಸಿದರು. ಒಂದು ಮನೆಯ ಬಾಗಿಲನ್ನೂ ತಟ್ಟದೆ ನಗರದ ಆರೋಗ್ಯಸ್ಥಿತಿ ತಿಳಿಯಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಗ್ರಾಮಗಳಲ್ಲಿ ತೆರೆದ ಚರಂಡಿಗಳೇ ಹೆಚ್ಚು. ಚರಂಡಿ ಹಳ್ಳಕ್ಕೆ, ಹಳ್ಳ ನದಿಗೆ. ಕುಡಿಯುವ ನೀರೂ ಅದೇ ನದಿಯಿಂದ. ಇಚಲಕರಂಜಿಯ ಜವಳಿ ಬಣ್ಣದ ಘಟಕಗಳ ಸನಿಹ ಹರಿಯುವ ಪಂಚಗಂಗೆಯೂ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ಇತ್ತ ಬರುತ್ತದೆ. ಕಬ್ಬಿಗೆ ಹಾಕಿದ ಯೂರಿಯಾದ ಅಂಶವು ನೈಟ್ರೇಟ್ ಆಗಿ ಕೊಳವೆಬಾವಿಗೆ ಇಳಿಯುತ್ತದೆ. ಅದು ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಹಾಲುಪುಡಿ ಕಲಸಿ ಕೂಸಿಗೆ ಕುಡಿಸಿದರೆ, ರಕ್ತವು ಆಮ್ಲಜನಕ ಒಯ್ಯುವ ಶಕ್ತಿ ಕುಂದಬಹುದು. ನೀರನ್ನು ಕುದಿಸಿದರೂ ನೈಟ್ರೇಟ್ ಹೋಗದು.

ವೈರಾಣು ಪರೀಕ್ಷೆಗೆ ಪ್ರಯೋಗಾಲಯ ಬೇಕು. ಆದರೆ ಕುಡಿಯುವ ನೀರಿಗೆ ಮಲ ಬೆರೆತಿರುವ ಸೂಚನೆಯನ್ನು ಗ್ರಾಮದಲ್ಲಿಯೇ ಅರಿಯಬಹುದು. ಜಲಜೀವನ ಮಿಷನ್‌ನಲ್ಲಿ ಪ್ರತಿ ಗ್ರಾಮದ 5 ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಕೆಯ ತರಬೇತಿಗೆ ಅವಕಾಶವಿದೆ. ಪರೀಕ್ಷಾ ಬಾಟಲಿಯ ನೀರು ಕಪ್ಪಾದರೆ ಅಂದೇ ಪೂರೈಕೆಯನ್ನು ನಿಲ್ಲಿಸಿ, ಚರಂಡಿ ದಾಟುವ ಪೈಪುಗಳ ಸೋರಿಕೆಯನ್ನು ಹುಡುಕಬೇಕು. ಕೊನೆಯ ಮನೆಯ ನಳದಲ್ಲಿಯೂ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು.

2019ರ ಆಗಸ್ಟ್‌ನಂತಹ ಪ್ರವಾಹದಲ್ಲಿ ಚರಂಡಿ, ಬಾವಿ, ನದಿಗಳು ಒಂದಾಗುತ್ತವೆ. ಆದುದರಿಂದ ಮಳೆಗಾಲದ ಮುಂಚೆ ಮತ್ತು ನಂತರ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು ಸದಸ್ಯರ ಹೊಣೆಯಾಗಿದೆ.