ಬುಡದ ಫಲಕವನ್ನು ಓದಿ

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)

ಪದ್ಯ ಓದು ಅಂತ ಕರೆದಿರಿ. ಪದ್ಯ ಆಮೇಲೆ. ಪರೀಕ್ಷೆ ಮುಗಿದ ಮಾರನೇ ದಿನವೇ ನಿಮ್ಮಲ್ಲಿ ಎಷ್ಟೋ ಜನ ಫೀಸಿನ ದುಡ್ಡಿಗಾಗಿ ಬೆಂಗಳೂರಿನ ಬಸ್ಸು ಹತ್ತುತ್ತೀರಿ, ಕಟ್ಟಡದ ಕೆಲಸಕ್ಕೆ. ಅದಕ್ಕೇ ಈ ಮಾತು.

ನಾನೂ ಹೋಗಿದ್ದೆ. ಬೂಮ್ ಲಿಫ್ಟಿನ ತೊಟ್ಟಿಲಲ್ಲಿ ನಿಂತು ನಮ್ಮ ದೊಡ್ಡಪ್ಪನ ಮಗ ಗೋಡೆಗೆ ಬಣ್ಣ ಹೊಡೀತಿದ್ದ. ನಾನು ಕೆಳಗೆ ಡಬ್ಬ ತುಂಬೋನು. ಮೂರನೇ ಅಂತಸ್ತಿನ ಎತ್ತರದಲ್ಲಿ ಯಂತ್ರ ನಿಂತುಹೋಯ್ತು. ಉರಿಬಿಸಿಲು. ಮೇಸ್ತ್ರಿ ಫೋನು ಹಿಡಿದು ಕೂತ. ಮುಕ್ಕಾಲು ಗಂಟೆ ಕಾದು ಅಣ್ಣ ಯಂತ್ರದ ತೋಳು ಹಿಡಿದು ಇಳಿಯೋಕೆ ಹೋದ, ಜಾರಿದ, ಕಾಲು ಮುರೀತು. ‘ಅವನೇ ಇಳಿಯೋಕೆ ಹೋದ’ ಅಂದರು. ಅಲ್ಲಿಗೆ ಲೆಕ್ಕ ಚುಕ್ತಾ.

ಆಮೇಲೆ ನೋಡಿದೆ. ಯಂತ್ರದ ಬುಡದಲ್ಲೇ ಇನ್ನೊಂದು ಕಂಟ್ರೋಲ್ ಇತ್ತು. ಮೇಲಿನದು ಕೈಕೊಟ್ಟರೆ ಕೆಳಗಿನಿಂದಲೇ ಇಳಿಸೋದಕ್ಕೆ. ಹೇಗೆ ಅಂತ ಫಲಕದ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಅಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಬಿ.ಎ.ಗೆ ಷೇಕ್ಸ್‌ಪಿಯರ್ ಓದಿದ್ದೆ, ಆ ನಾಲ್ಕು ಸಾಲು ಓದಿರಲಿಲ್ಲ.

ನೀವು ಓದಿ. ಫಲಕದಲ್ಲಿ 230 ಕಿಲೋ ಅಂತಿದ್ದರೆ ಅದು ಆಳು, ಸಾಮಾನು ಎಲ್ಲ ಸೇರಿ. ಅರವತ್ತೈದು ಕಿಲೋದ ಇಬ್ಬರು, ಮೂವತ್ತು ಕಿಲೋದ ನಾಲ್ಕು ಡಬ್ಬ. ಆಗಲೇ 250 ಆಯ್ತು. ಹೊಸದಾಗಿ ಮಣ್ಣು ತುಂಬಿದ ಜಾಗ, ಇಳಿಜಾರು, ಮುಚ್ಚಿದ ಗುಂಡಿ, ಜೋರು ಗಾಳಿ, ಇವು ಯಂತ್ರವನ್ನೇ ಉರುಳಿಸುತ್ತವೆ. ಚಕ್ರ ಗುಂಡಿಗೆ ಇಳಿದರೆ ಉದ್ದ ತೋಳು ಜಾಡಿಸಿ, ಒಳಗಿದ್ದವನನ್ನು ಕವಣೆ ಕಲ್ಲಿನ ಹಾಗೆ ಎಸೆಯುತ್ತೆ. ಅದಕ್ಕೇ ಬೆಲ್ಟು. ಅದರ ಕೊಕ್ಕೆಯನ್ನು ತೊಟ್ಟಿಲಲ್ಲಿ ಅದಕ್ಕೆಂದೇ ಇರುವ ಬಳೆಗೆ ಹಾಕಬೇಕು. ಪಕ್ಕದ ಕಂಬಕ್ಕೆ ಹಾಕಿದರೆ, ತೊಟ್ಟಿಲು ಸರಿದಾಗ ಬೆಲ್ಟೇ ನಿಮ್ಮನ್ನು ಹೊರಗೆ ಎಳೆಯುತ್ತೆ. ಕೈಗೆಟುಕಲಿಲ್ಲ ಅಂತ ಕಂಬಿ ಮೇಲೆ ಹತ್ತಬೇಡಿ. ಕರೆಂಟಿನ ತಂತಿ ಮುಟ್ಟಲೇಬೇಕಿಲ್ಲ, ಹತ್ತಿರ ಹೋದರೂ ಸಾಕು. ತೊಲೆಯ ಕೆಳಗೆ ಮೇಲೇರಿಸುವಾಗ ತಲೆ ಎತ್ತಿ ನೋಡಿ. ತೊಲೆಗೂ ಕಂಬಿಗೂ ನಡುವೆ ಎದೆ ಸಿಕ್ಕಿ ಸತ್ತವರಿದ್ದಾರೆ. ಬಿದ್ದವನು ಬೆಲ್ಟಿನಲ್ಲಿ ನೇತಾಡುತ್ತಿದ್ದರೆ ಬದುಕಿದ ಅಂತ ನಿರಾಳವಾಗಬೇಡಿ. ಕಾಲಿನ ರಕ್ತ ಮೇಲೆ ಬರದೆ ಸ್ವಲ್ಪ ಹೊತ್ತಿಗೇ ಜೀವ ಹೋಗಬಹುದು. ಇಳಿಸುವ ದಾರಿ ಗೊತ್ತಿರುವ ಒಬ್ಬ ಕೆಳಗೆ ಇರಲೇಬೇಕು.

ಇದೆಲ್ಲ ದಯೆ ಅಲ್ಲ. 1942ರಿಂದ 1946ರವರೆಗೆ ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಹೊತ್ತವರು ಬಾಬಾಸಾಹೇಬರು. 1996ರಲ್ಲಿ ಕಟ್ಟಡ ಕಾರ್ಮಿಕರಿಗೆಂದೇ ಕಾಯ್ದೆ ಬಂತು. ಆದರೆ ಕಾಯ್ದೆ ತಾನಾಗಿ ಬಂದು ಕೊಕ್ಕೆ ಹಾಕೋಲ್ಲ.

ಗೆಳೆಯರೇ, ನಮ್ಮವರು ಉಪವಾಸ ಬಿದ್ದು ನಮಗೆ ಅಕ್ಷರ ಕೊಡಿಸಿದರು. ಯಂತ್ರದ ಬುಡದಲ್ಲಿ ನಿಂತಾಗ ಮೊದಲು ಆ ಫಲಕವನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಿ. ಮೇಸ್ತ್ರಿ ಬೈದರೆ ಬೈಯಲಿ. ಆಮೇಲೇ ಅಣ್ಣಂದಿರು ಮೇಲೆ ಹತ್ತಲಿ.

ಈಗ ಪದ್ಯ ಓದ್ತೀನಿ.